ಕುಂದರಾಕ ಒಂದು ಕುರ್ಚಿ

ನಿವೃತ್ತಿ ಆದ ಮ್ಯಾಲ ಸಿಟ್ಟು ತಾನಾಗೇ ಇಳೀತದ ಅಂತ ಎಲ್ಲಾರೂ ಹೇಳಿದ್ರು. ನಂದು ಇಳಿದಿಲ್ಲ, ಏರೇದ. ಬಿ.ಪಿ. ಗುಳಿಗಿ ನುಂಗಿ, ಒಂದು ಕಪ್ ಚಹಾ ಕುಡದು ಬರೀಲಿಕ್ಕೆ ಕುಂತೀನಿ. ಟಿಕೋಟಾ, ಬಬಲೇಶ್ವರ, ಕಡೀಕ ವಿಜಯಪುರ ಶಹರ, ಈ ಮೂರು ಕಡೆ ಸರಕಾರಿ ದವಾಖಾನಿಯೊಳಗ ಡಾಕ್ಟರಾಗಿ ನನ್ನ ನೌಕರಿ ಮುಗೀತು. ಮಂದಿ ನನ್ನ ಹೆಸರು ಹಿಡಿದು ಕರದದ್ದೇ ಇಲ್ಲ, ‘ಬಾಯಾರ’ ಅಂತಿದ್ರು, ಹೆಣ್ಣು ಡಾಕ್ಟರಿಗೆ ನಮ್ಮ ಕಡೆ ಹಂಗೇ ಅಂತಾರ. ಯಾವಾಗ ಬಡ್ತಿ ಸಿಕ್ತು, ಯಾರು ಶಾಲು ಹೊದಿಸಿದ್ರು ಅನ್ನೋದು ನಿಮಗೂ ಬೇಕಾಗಿಲ್ಲ, ನನಗೂ ಬೇಕಾಗಿಲ್ಲ. ಕೊರಳಾಗ ಹೊಸಾ ಸ್ಟೆತಾಸ್ಕೋಪು ಹಾಕ್ಕೊಂಡು ನಮ್ಮ ಕಡೆ ಊರುಗಳಿಗೆ ಬರೋ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕಾಗೇದ. ನಿಮ್ಮ ಕಾಲೇಜಿನೊಳಗ ಅದನ್ನ ಯಾರೂ ಹೇಳಿರಂಗಿಲ್ಲ.

ಹಾವು ಕಡದವರು, ಜ್ವರ ಬಂದವರು, ಹೆರಿಗಿಯವರು ಬರ್ತಾರ ಅಂತ ನೀವು ತಯಾರಾಗಿ ಬರ್ತೀರಿ. ಅವರೂ ಬರ್ತಾರ, ಇಲ್ಲ ಅನ್ನಂಗಿಲ್ಲ. ಆದ್ರ ದಿನಾ ಮುಂಜಾನೆ ನಿಮ್ಮ ಟೇಬಲ್ಲಿನ ಮುಂದ ಪಾಳಿ ಹಚ್ಚಿ ನಿಂದರೋದು ಸುಸ್ತು. ‘ಕೈಕಾಲಾಗ ಜೀವ ಇಲ್ರಿ.’ ‘ಮೈ ಭಾರ ಆಗೇತ್ರಿ.’ ‘ಎದ್ರ ಕಣ್ಣಿಗಿ ಕತ್ತಲಿ ಬರ್ತೈತ್ರಿ.’ ಇದಕ್ಕ ನಿಮ್ಮ ಪುಸ್ತಕದಾಗ ಒಂದು ಪಾನು ಸುದ್ಧಾ ಸರಿಯಾಗಿ ಇಲ್ಲ. ಇಲ್ಲದ್ದಕ್ಕೇ ಏನೇನು ಅನ್ಯಾಯ ಆಗ್ತದ ಅಂತ ನಾ ಕಣ್ಣಾರೆ ಕಂಡೀನಿ.

ಟಿಕೋಟಾದಾಗ ನಾನು ಹೊಸಾಕಿ. ನನ್ನ ಮ್ಯಾಲೆ ಒಬ್ಬರು ಹಿರಿಯ ಡಾಕ್ಟರು ಇದ್ರು. ಹಿರಿಯ ಡಾಕ್ಟರು ಅಂತಲೇ ಕರೀತೀನಿ, ಯಾಕಂದ್ರ ಅವರು ಈ ಕಥಿಯೊಳಗ ಮತ್ತ ಮತ್ತ ಬರ್ತಾರ. ಕೈ ಸ್ವಚ್ಛ ಇದ್ದ ಮನಷ್ಯಾ. ಯಾರ ಹತ್ರನೂ ಒಂದು ಪೈಸಾ ಮುಟ್ಟಿದವರಲ್ಲ, ಗಡಿಯಾರ ಹೊಡದಂಗ ಡ್ಯೂಟಿಗೆ ಬರೋರು. ಆದ್ರ ಸುಸ್ತಿನವರನ್ನ ಕಂಡ್ರ ಅವರಿಗೆ ಆಗ್ತಿರಲಿಲ್ಲ. ರಕ್ತ ತಗಸೋರು, ರಿಪೋರ್ಟ್ ನೋಡೋರು, ನಾರ್ಮಲ್ ಇದ್ರ ಮುಗೀತು. ‘ಏನೂ ಆಗಿಲ್ಲ ನಿನಗ. ಮೈ ಬಗ್ಗಿಸಿ ದುಡಿ, ತಾನ ಸರಿಹೋಗ್ತದ. ಸಿಸ್ಟರ್, ಒಂದು ಸಲಾಯಿನ್ ಹಚ್ಚಿ ಕಳಸ್ರಿ.’ ಏನೂ ಆಗಿಲ್ಲಂದ್ರ ಸಲಾಯಿನ್ ಯಾಕ ಹಚ್ಚಬೇಕೋ ಮಾರಾಯಾ ಅಂತ ನಾನು ಮನಸಿನ್ಯಾಗ ಅಂದ್ಕೋತಿದ್ದೆ. ಬಾಯಿ ಬಿಟ್ಟು ಅನ್ನೋ ಧೈರ್ಯ ಆಗ ಇರಲಿಲ್ಲ, ಆಮ್ಯಾಲ ಬಂತು.

ಮಹಾದೇವಿ ಅಂತ ಒಬ್ಬಾಕಿ ಬರ್ತಿದ್ಳು. ಒಣದ್ರಾಕ್ಷಿ ಶೆಡ್ಡಿಗೆ ಕೂಲಿಗೆ ಹೋಗಾಕಿ. ವಿಟಮಿನ್ ಕೂಡಿಸಿದ ಸಲಾಯಿನ್ ಬಾಟಲಿ ಹಳದಿ ಕಾಣ್ತದಲ್ಲ, ಆಕಿಗೆ ಅದೇ ಬೇಕು.

‘ಬಾಯಾರ, ಗುಳಿಗಿ ಬ್ಯಾಡ್ರಿ. ಹಳದಿ ಸಲಾಯಿನ್ ಹಚ್ಚರಿ.’

‘ಅದರಾಗ ಏನದ ಅಂತ ತಿಳದೀಯವ್ವಾ? ಉಪ್ಪು ನೀರು, ಒಂದೀಟು ವಿಟಮಿನ್ನು. ಅದರಕಿಂತ ಮನಿಗಿ ಹೋಗಿ ಎರಡು ತಾಸು ಅಡ್ಡಾಗು, ಚಲೋ ಆಗ್ತದ.’

ಆಕಿ ನನ್ನ ಮಾರಿ ನೋಡಿ ನಕ್ಕಳು. ‘ಮನ್ಯಾಗ ಅಡ್ಡಾಗಾಕ ಯಾರ ಬಿಡ್ತಾರ್ರಿ? ಕೈಯಾಗ ಸೂಜಿ ಇದ್ರ ನಮ್ಮತ್ತಿನೂ ಎಬ್ಬಸಂಗಿಲ್ಲ.’

ಅವತ್ತು ನನಗ ಗೊತ್ತಾತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹಾಡುಹಗಲಿ ಮಲಗಬೇಕಾದ್ರ ಪರವಾನಗಿ ಬೇಕು. ಆ ಪರವಾನಗಿ ಬಾಟಲಿಯೊಳಗ ಬರ್ತದ. ಮಹಾದೇವಿಗೆ ಬೇಕಾಗಿದ್ದು ಬರೇ ಆ ಹಾಸಿಗಿ, ಆ ಎರಡು ತಾಸು. ಅವತ್ತು ಹಚ್ಚಿದೆ. ಸೂಜಿ ಹೋಗೂದರಾಗ ಆಕಿಗೆ ನಿದ್ದಿ ಹತ್ತಿತ್ತು. ಬಾಟಲಿ ಮುಗದ ಮ್ಯಾಲೂ ಎಬ್ಬಿಸಬ್ಯಾಡ್ರಿ ಅಂತ ಸಿಸ್ಟರ್‌ಗೆ ಹೇಳಿ ನಾ ಹೊರಗ ಹೋದೆ.

ಮಹಾದೇವಿ ಎರಡು ತಾಸು ಮಲಗಿ ಎದ್ದು ಹೋಗ್ತಿದ್ಳು. ಆಕಿದು ದುಡಿಮಿಯ ದಣಿವು, ಮಲಗಿದ್ರ ಹೋಗೋ ದಣಿವು. ಮಲಗಿದ್ರೂ ಹೋಗಲಾರದ ದಣಿವು ಒಂದದ. ಅದನ್ನ ನಾನು ಬಬಲೇಶ್ವರಕ್ಕ ವರ್ಗ ಆಗಿ ಹೋದ ಮ್ಯಾಲ ಕಂಡೆ.

ಆಕಿ ಹೆಸರು ಸುಜಾತಾ ಅಂತ ಇಟ್ಕೊಳ್ರಿ, ಖರೇ ಹೆಸರು ಹೇಳಂಗಿಲ್ಲ. ಸರಕಾರಿ ಸಾಲಿಯೊಳಗ ನಾಕನೇ ಇಯತ್ತೆ ಕಲಸೋ ಅಕ್ಕೋರು. ಹುಟ್ಟಿದ್ದು ಮಮದಾಪುರ, ಬೌದ್ಧರ ಮನಿತನ, ಆ ಮನಿಯೊಳಗ ತಿಂಗಳಾ ಪಗಾರ ತಂದ ಮೊದಲನೇದಾಕಿ ಈಕಿ. ಗಂಡ ಪ್ರಕಾಶ ವಿಜಯಪುರದ ಸೊಲ್ಲಾಪುರ ರಸ್ತೆದಾಗ ಮೋಟರ್ ರಿಪೇರಿ ಅಂಗಡಿ ಇಟ್ಟಾನ. ದಿನಾ ಬಸ್ಸಿಗೆ ಹೋಗಿ ಬರ್ತಿದ್ದ. ಇಬ್ಬರೂ ಕೂಡಿ ಬಂದ್ರು.

‘ಕುಂದರವ್ವಾ’ ಅಂತ ಸ್ಟೂಲ್ ತೋರಿಸಿದೆ.

‘ಇರ್ಲಿ ಬಿಡ್ರಿ ಬಾಯಾರ’ ಅಂದ್ಳು. ಕುಂದರಲಿಲ್ಲ. ಟೇಬಲ್ಲಿನ ಅಂಚು ಹಿಡಕೊಂಡು ನಿಂತ್ಳು, ಕಾಲು ನಡಗಾಕತ್ತಿದ್ವು. ನಿಂದರಾಕ ಆಗಲಾರದಾಕಿ ಹಿಂಗ್ಯಾಕ ನಿಂತಾಳ ಅಂತ ನಂಗ ಅವತ್ತು ತಿಳೀಲಿಲ್ಲ.

ಪ್ರಕಾಶ ಹೇಳಿದ, ‘ಒಂದು ಜ್ವರ ಬಂದು ಹೋತ್ರಿ. ಜ್ವರ ಹೋತು, ಇಕಿ ತಿರಗಿ ಬರಲಿಲ್ಲ.’

ಎಂಟು ಹತ್ತು ತಾಸು ಮಲಗಿದ್ರೂ ಬಡದು ಹಾಕಿದಂಗ ಎದ್ದೇಳ್ತಾಳ. ಒಂದಿನ ಜರಾ ಹೆಚ್ಚು ಓಡಾಡಿದ್ರ, ಅವತ್ತಲ್ಲ, ಮರದಿನ ಇಲ್ಲಾ ಅದರ ಮರದಿನ ಹಾಸಿಗಿ ಹಿಡೀತಾಳ. ಬೆಳಕು ಕಣ್ಣಿಗಿ ಚುಚ್ಚತದ. ಹುಡುಗರ ಮುಂದ ಮಗ್ಗಿ ಹೇಳಕೊಂತ ಹೇಳಕೊಂತ ಏಳೊಂಬತ್ಲೆ ಎಷ್ಟು ಅನ್ನೋದು ಮರತು ನಿಂದರ್ತಾಳ. ರಕ್ತ, ಥೈರಾಯ್ಡ್, ಎದಿ ಫೋಟೋ, ಎಲ್ಲಾ ಮಾಡಿಸ್ಯಾರ. ಎಲ್ಲಾ ನಾರ್ಮಲ್. ಗಾಂಧಿ ಚೌಕದ ಹತ್ರ ಒಬ್ಬರು ಹಳದಿ ಸಲಾಯಿನ್ ಹಚ್ಚಿ ಹಚ್ಚಿ ಕೈ ತೂತು ಮಾಡ್ಯಾರ. ಕಡೀಕ ನಮ್ಮ ಹಿರಿಯ ಡಾಕ್ಟರ ಹತ್ರನೂ ಹೋಗಿ ಬಂದಾರ. ಅವರು ಅಷ್ಟೊತ್ತಿಗೆ ಶಹರದಾಗ ದೊಡ್ಡ ಜಾಗಾಕ್ಕ ಏರಿದ್ರು.

ಅವರು ಹೇಳಿದ್ದು ಏನು? ‘ದಿನಾ ನಸುಕಿನ್ಯಾಗ ಎದ್ದು ನಡೀಬೇಕು. ವಾರ ವಾರ ಹೆಚ್ಚು ಮಾಡಕೊಂತ ಹೋಗಬೇಕು. ಸುಸ್ತು ಅಂತ ಕುಂತ್ರ ಸುಸ್ತು ಹೆಚ್ಚಾಗ್ತದ.’

ಆ ಹುಡುಗಿ ದೊಡ್ಡವರ ಮಾತು ಮೀರಾಕಿ ಅಲ್ಲ, ನನ್ನ ಹತ್ರ ಬಂದ ಮ್ಯಾಲೂ ಅದನ್ನ ಬಿಡಲಿಲ್ಲ. ನಡದಳು. ಹೊಟ್ಟಿ ತೊಳಸಿದ್ರೂ ನಡದಳು, ಕಾಲು ಕಡದು ಬೀಳೋ ಹಂಗ ಆದ್ರೂ ನಡದಳು. ಒಂದು ಮುಂಜಾನೆ ಎದ್ದೇಳಾಕ ಆಗಲಿಲ್ಲ. ಬಚ್ಚಲಿಗೆ ಸುದ್ಧಾ ಪ್ರಕಾಶನೇ ಎತ್ತಿಕೊಂಡು ಹೋಗೋ ಪಾಳಿ ಬಂತು. ನಾನು ಹಿರಿಯ ಡಾಕ್ಟರಿಗೆ ಫೋನ್ ಹಚ್ಚಿದೆ. ‘ರಿಪೋರ್ಟ್ ನಾರ್ಮಲ್ ಅವ ಮೇಡಮ್, ಆಕಿಗೆ ಮನಸಿಲ್ಲ, ಅಷ್ಟ’ ಅಂದು ಇಟ್ಟಬಿಟ್ರು. ಫೋನ್ ನನ್ನ ಕೈಯಾಗ ಬಿಸಿ ಆಗಿತ್ತು, ತಲಿ ಅದರಕಿಂತ ಬಿಸಿ ಆಗಿತ್ತು.

ಇಲ್ಲೇ ಒಂದು ಮಾತು ಹೇಳಿ ಮುಂದ ಹೋಗ್ತೀನಿ. ಈ ರೋಗಕ್ಕ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತಾರ. ಮೊದಲು ಎಲ್ಲಾ ಕಡೆ ಹಂಗೇ ಹೇಳ್ತಿದ್ರು, ನಡಸ್ರಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ರಿ ಅಂತ. ಈಗ ತಿಳದವರು ಅದನ್ನ ಕೈ ಬಿಟ್ಟಾರ, ಯಾಕಂದ್ರ ಒತ್ತಿ ದುಡಿಸಿದ್ರ ಈ ದಣಿವು ಹೆಚ್ಚಾಗ್ತದ ಹೊರತು ಹೋಗಂಗಿಲ್ಲ. ಪದ್ಧತಿ ಬದಲಾಗೋದು ತಪ್ಪಲ್ಲ. ಬದಲಾದದ್ದನ್ನ ಓದಲಾರದೇ, ರೋಗಿಗೇ ‘ನಿಂಗ ಮನಸಿಲ್ಲ’ ಅನ್ನೋದು ತಪ್ಪು. ನಾನು ಅವರಿಗೆ ಹೊಸಾ ಸೂಚನಾ ಪತ್ರ ಎಲ್ಲಾ ತಗಸಿ ಕಳಿಸಿದೆ. ಗೋರ್ಕಲ್ಲ ಮ್ಯಾಲ ಮಳಿ ಸುರದಂಗ ಆತು.

ಆಕಿ ಹಾಸಿಗಿ ಹಿಡದಾಗ ನಾನೇ ಮನಿಗಿ ಹೋಗಿ ನೋಡ್ತಿದ್ದೆ. ಗ್ವಾಡಿ ಮ್ಯಾಲ ಬುದ್ಧನ ಪಟ, ಕಿಡಕಿಗೆ ಕರೇ ಸೀರಿ ಕಟ್ಟಿ ಬೆಳಕು ಮರಿ ಮಾಡಿದ್ರು. ನಾ ಒಳಗ ಹೋದ ಕೂಡಲೇ ಆಕಿ ಎದ್ದು ನಿಂದರಾಕ ಒದ್ದಾಡ್ತಿದ್ಳು. ‘ಬಿದ್ದಿರು ಬೇ, ಏಳಬ್ಯಾಡ’ ಅಂತ ಗದರಿಸಿದೆ. ಕಾಲು ತಪಾಸಣಿ ಮಾಡೋವಾಗ ಮೊಣಕಾಲ ಕೆಳಗ ಒಂದು ಹಳೇ ಕಲಿ ಕಾಣಿಸ್ತು.

‘ಇದೇನವ್ವಾ?’

‘ಸಣ್ಣಾಕಿದ್ದಾಗ ಬಿದ್ದಿದ್ದೆರಿ.’

ಬಿದ್ರ ತರಚತದ, ಹರೀತದ, ಮುರೀತದ. ಸುಡಂಗಿಲ್ಲ. ಅದು ಸುಟ್ಟ ಕಲಿ. ಪ್ರಕಾಶ ಚಹಾಕ್ಕ ಹಾಲು ತರಾಕ ಹೋದ. ಅಂವ ಹೋದ ಮ್ಯಾಲ ಆಕಿ ತಾನ ಹೇಳಿದ್ಳು.

ಅವ್ವ ಹೆರಿಗಿಯೊಳಗ ಸತ್ತಳು. ಅಪ್ಪ ಕುಡದು ಕುಡದು ಊರು ಬಿಟ್ಟ. ಸಣ್ಣ ಹುಡುಗಿನ್ನ ಟಿಕೋಟಾದಾಗಿನ ಚಿಗವ್ವನ ಮನಿಯೊಳಗ ಇಟ್ರು. ಹೊತ್ತು ಹುಟ್ಟೂಕಿಂತ ಮೊದಲು ನೀರು, ಸಗಣಿ, ಆಮ್ಯಾಲ ಸಾಲಿ, ಸಾಲಿ ಬಿಟ್ಟ ಮ್ಯಾಲ ಶೆಡ್ಡಿನೊಳಗ ಬಲಿ ಮ್ಯಾಲ ದ್ರಾಕ್ಷಿ ಹರಡೋದು. ಆ ಮನಿಯೊಳಗ ಈ ಹುಡುಗಿ ಕುಂದರಂಗಿರಲಿಲ್ಲ. ಕುಂತ್ರ ಒಲಿಯಾಗಿನ ಕಟಿಗಿ.

‘ಊಟನೂ ನಿಂತ ಮಾಡ್ತಿದ್ದೆರಿ ಬಾಯಾರ. ಕುಂತ್ರ ನಿದ್ದಿ ಬರ್ತೈತಿ, ನಿಂತು ಉಣ್ಣು ಅಂತಿದ್ಳು ಚಿಗವ್ವ. ಕುಂದರಾಕ ಸಿಗತಿದ್ದಿದ್ದು ಸಾಲ್ಯಾಗ ಅಷ್ಟ. ಅಕ್ಕೋರು ಬಂದು ಕುಂದರ್ರಿ ಅನ್ನೋರು. ಅದೊಂದು ಮಾತು ಕೇಳಾಕ ಓಡಿ ಹೋಗ್ತಿದ್ದೆ. ಅದಕ್ಕ ನಂಗ ಸಾಲಿ ಅಂದ್ರ ಜೀವ್ರಿ.’

ಆಮ್ಯಾಲ ವಿಜಯಪುರದ ಹಾಸ್ಟೆಲ್ಲಿನ್ಯಾಗ ಸೀಟು ಸಿಕ್ಕು ಪಾರಾದಳಂತ. ಪಾರಾದಳು ಅನ್ನೋ ಮಾತು ಆಕಿದು. ಹೊಟ್ಟ್ಯಾಗಿಂದ ಸಿಟ್ಟು ಬಂತು, ಕಣ್ಣಾಗಿಂದ ನೀರು ಬಂತು. ಒಂದು ಕೂಸಿಗೆ ದಣಿವು ಅಂದ್ರ ಗುನ್ನೆ ಅಂತ ಸುಟ್ಟು ಕಲಿಸಿದ್ರು, ಅದು ದೊಡ್ಡದಾಗಿ ದವಾಖಾನಿಗೆ ಬಂದ್ರ ನಾವು ಡಾಕ್ಟರ್ ಮಂದಿ ಅದನ್ನೇ ಇಂಗ್ಲೀಷಿನ್ಯಾಗ ಹೇಳಿ ಕಳಿಸಿದ್ವಿ. ಥೂ ನಮ್ಮ ವಿದ್ಯಾಕ್ಕ.

ನೇರ ಕೇಳಿದೆ, ‘ಸಾಯಬೇಕು ಅನಸ್ತದೇನು ತಂಗಿ?’

‘ಅನಸ್ತೈತ್ರಿ. ದಿನಾ ಅನಸ್ತೈತ್ರಿ.’

ನೀವೂ ಹಿಂಗೇ ನೇರ ಕೇಳ್ರಿ. ಕೇಳಿದ್ರ ಆ ವಿಚಾರ ತಲಿಯೊಳಗ ಹೊಕ್ಕೀತು ಅಂತ ಹೆದರಬ್ಯಾಡ್ರಿ, ಅದು ಅಲ್ಲೇ ಇರ್ತದ. ಅವತ್ತೇ ಗಾಡಿ ಮಾಡಿ ಶಹರಕ್ಕ ಕರಕೊಂಡು ಹೋದೆ. ಅಲ್ಲಿ ಒಬ್ಬ ಮನೋವೈದ್ಯ ಇದ್ದ, ನನ್ನಕಿಂತ ಭಾಳ ಸಣ್ಣಾಂವ, ಆದ್ರ ಕೇಳಿಸಿಕೊಳ್ಳೋ ಕಿವಿ ಇದ್ದಾಂವ. ಪೂರಾ ಕೇಳಿ ಹೇಳಿದ, ಖಿನ್ನತೆ ಅದ, ಖರೇ ಅದ, ಗುಳಿಗಿಂದ ಮಾತಿಂದ ಇಳಸೋಣು ಅಂತ. ಸಣ್ಣವರಿದ್ದಾಗ ಇಂಥಾ ಹೊಡತಾ ತಿಂದವರ ಮೈಗೆ ಮುಂದ ಖಿನ್ನತೆನೂ ಈ ದಣಿವಿನ ರೋಗನೂ ಹತ್ತೋ ಸಂಭವ ಹೆಚ್ಚು, ಆದ್ರ ಬಡಿಸಿಕೊಂಡವರಿಗೆಲ್ಲಾ ಬರಂಗಿಲ್ಲ, ಬಂದವರೆಲ್ಲಾ ಬಡಿಸಿಕೊಂಡವರೂ ಅಲ್ಲ ಅಂತಾನೂ ಹೇಳಿದ. ‘ಕಾರಣ ಹಳೇದು ಇರಬಹುದು ಮೇಡಮ್, ರೋಗ ಮಾತ್ರ ಇವತ್ತಿಂದು. ಕಥಿ ಸಿಕ್ತು ಅಂತ ಮೈ ನೋಡೋದು ಬಿಡಬಾರದು.’ ಆ ಮಾತಿಗೆ ಅವನಿಗೆ ಕೈ ಮುಗೀಬೇಕು ಅನಸ್ತು.

ಗುಳಿಗಿ ಹಿಡೀತು. ಕೆಲವು ತಿಂಗಳದಾಗ ಆಕಿ ಮಾರಿ ಮ್ಯಾಲ ಕಳಿ ಬಂತು. ಮೈಸೂರಪಾಕ ತಿನಬೇಕು ಅನಸ್ತೈತಿ ಅಂದ್ಳು, ಹುಡುಗರ ನೆನಪಾಗ್ತೈತಿ ಅಂದ್ಳು. ಸಾಯೋ ಮಾತು ನಿಂತು ಹೋತು. ಆದ್ರ ದಣಿವು ಇದ್ದಲ್ಲೇ ಇತ್ತು.

‘ಮನಸ ಏಳಾಕತ್ತೈತ್ರಿ ಬಾಯಾರ’ ಅಂದ್ಳು. ‘ಮೈ ಏಳವಲ್ದು.’

ಹುಡುಗ ಹುಡುಗಿಯರೇ, ಈ ಮಾತು ಬರದು ಟೇಬಲ್ಲಿನ ಗಾಜಿನ ಕೆಳಗ ಇಟ್ಕೊಳ್ರಿ. ಖಿನ್ನತೆ ಇದ್ದಾಂವ ಯಾಕ ಏಳಬೇಕು ಅಂತಾನ. ಈ ರೋಗ ಇದ್ದಾಂವ ಏಳಬೇಕು, ಏಳಬೇಕು ಅಂತ ಸಾಯ್ತಾನ, ಏಳಾಕ ಆಗಂಗಿಲ್ಲ. ಎರಡೂ ಒಂದೇ ಮೈಯೊಳಗ ಕೂಡಿ ಇರಬಹುದು. ಒಂದು ಇಳೀತು ಅಂತ ಇನ್ನೊಂದು ಸುಳ್ಳಲ್ಲ.

ಮುಂದಿನ ದಾರಿ ಆಕಿನೇ ಕಂಡುಕೊಂಡ್ಳು. ‘ನಮ್ಮ ನಳಾ ಬಂದಂಗ್ರಿ’ ಅಂದ್ಳು. ನಮ್ಮ ಕಡೆ ನಳದ ನೀರು ದಿನಾ ಬರಂಗಿಲ್ಲ, ಬಂದಾಗ ತುಂಬಿಸಿಕೊಂಡ ಒಂದು ಡ್ರಮ್ಮಿನ್ಯಾಗ ಮತ್ತ ಬರೋ ತನಕ ಬಾಳೇವು ಮಾಡಬೇಕು. ಮೊದಲನೇ ದಿನಾನೇ ಎಲ್ಲಾ ಸುರುವಿ ಅಂಗಳಾ ತೊಳದ್ರ ಮರದಿನ ಕುಡ್ಯಾಕಿಲ್ಲ. ತನ್ನ ಶಕ್ತಿನೂ ಹಂಗೇ ಅಳದು ಖರ್ಚು ಮಾಡಾಕ ಕಲತ್ಳು. ರೊಟ್ಟಿ ಬಡಿಯೋದು ಬಿಟ್ಟು ಖಾನಾವಳಿಯಿಂದ ತರಿಸಿದ್ಳು, ಅರಿವಿ ಒಗಿಯೋದು ಪ್ರಕಾಶನ ಪಾಲಿಗೆ ಬಂತು. ಒಣಿಯೊಳಗ ಮಂದಿ ಆಡಿಕೊಂಡ್ರು, ‘ಅಕ್ಕೋರು ಮೈಗಳ್ಳಿ, ಗಂಡನ ಕೈಲೆ ಸೀರಿ ಒಗಸ್ತಾಳ’ ಅಂತ. ಆಡ್ಲಿ. ಉಳಿಸಿದ್ದೆಲ್ಲಾ ಸಾಲಿಗಿ. ಆದ್ರ ಸಾಲಿಯೊಳಗ ದಿನಾ ಪೂರ್ತಿ ನಿಂದರೋದು ಆಗ್ತಿರಲಿಲ್ಲ. ಕುಂತು ಕಲಿಸಿದ್ರ ಕಲಸ್ತೀನಿ ಅಂದ್ಳು.

ಇಷ್ಟ ನೋಡ್ರಿ ಪ್ರಶ್ನಾ. ಒಂದು ಕುರ್ಚಿ.

ಆ ಭಾಗಕ್ಕ ಒಬ್ಬರು ತಪಾಸಣಾ ಅಧಿಕಾರಿ ಬಂದಿದ್ರು. ಕುಂತು ಪಾಠ ಮಾಡೋ ಮಾಸ್ತರು ಮೈಗಳ್ಳ ಮಾಸ್ತರು ಅನ್ನೋದು ಅವರ ಸಿದ್ಧಾಂತ. ಬಂದ ಕೂಡಲೇ ಎಲ್ಲಾ ವರ್ಗದ ಕೋಣಿಯಿಂದ ಕುರ್ಚಿ ಎತ್ತಿಸಿ ಆಫೀಸ್ ಕೋಣಿಯೊಳಗ ಪೇರಿಸಿದ್ರು. ನಾನು ಹೆಡ್ ಮಾಸ್ತರ ಹತ್ರ ಹೋದೆ. ಪಾಪದ ಮನಷ್ಯಾ, ಟೋಪಿ ತಗದು ತಲಿ ಕೆರಕೊಂಡ. ‘ಬಾಯಾರ, ನಿಮ್ಮ ಮಾತು ಖರೇ ಇರಬಹುದು. ಆದ್ರ ಒಬ್ಬರಿಗೆ ಕೊಟ್ರ ಎಲ್ಲಾರೂ ಕೇಳ್ತಾರ್ರಿ. ಕುಂತು ಉಂಡ್ರ ಕುಡಿಕಿ ಹೊನ್ನೂ ಸಾಲೂದಿಲ್ಲ ಅಂತ ಹಿರ್ಯಾರು ಹೇಳ್ಯಾರ.’

‘ಆಕಿ ಉಣ್ಣಾಕ ಕೇಳಾಕತ್ತಿಲ್ಲ ಮಾಸ್ತರ, ಕಲಸಾಕ ಕೇಳಾಕತ್ತಾಳ’ ಅಂದೆ. ಹಿಂದ ಪೇರಿಸಿಟ್ಟ ಕುರ್ಚಿಗಳ ಮ್ಯಾಲ ಧೂಳಾ ಕುಂತಿತ್ತು. ಧೂಳಾಕ್ಕ ಕುಂದರಾಕ ಅವಕಾಶ ಇತ್ತು, ಅಕ್ಕೋರಿಗೆ ಇರಲಿಲ್ಲ.

ಒಂದಿನ ಆಕಿ ತಡೀಲಾರದೇ ಹುಡುಗರ ಬೆಂಚಿನ ತುದಿಗೆ ಕುಂತು ಪಾಠ ಮಾಡಾಕತ್ತಿದ್ಳು. ಆ ಅಧಿಕಾರಿ ಬಾಗಲಾಗ ಬಂದು ನಿಂತ್ರು. ಈಕಿ ಹೆದರಿ ಗಪ್ಪನೆ ಎದ್ದಳು, ಕಣ್ಣಿಗಿ ಕತ್ತಲಿ ಬಂದು ಹುಡುಗರ ನಡುವ ಬಿದ್ದಳು. ಬಿದ್ದಾಕಿನ್ನ ಎತ್ತೋದು ಬಿಟ್ಟು ಆ ಮನಷ್ಯಾ ಏನಂದ ಗೊತ್ತೇನು? ‘ನಾಟಕ ಸಾಕು ಮಾಡ್ರಿ’ ಅಂದ. ಆಮ್ಯಾಲ ಈಕಿ ನೌಕರಿಗೆ ಯೋಗ್ಯ ಇದ್ದಾಳೋ ಇಲ್ಲೋ ನೋಡ್ರಿ ಅಂತ ಮೆಡಿಕಲ್ ಬೋರ್ಡಿಗೆ ಕಳಿಸಿದ್ರು. ಬೋರ್ಡಿನ ಅಧ್ಯಕ್ಷರು ಯಾರು? ನಮ್ಮ ಹಿರಿಯ ಡಾಕ್ಟರು.

ನಾನು ಆಕಿ ಚಿಕಿತ್ಸಾ ಮಾಡಿದ ಡಾಕ್ಟರ್ ಅಂತ ಜೋಡಿಲೆ ಹೋದೆ. ಆ ಕೋಣಿ ಇನ್ನೂ ಕಣ್ಣಿಗಿ ಕಟ್ಟಿದಂಗ ಅದ. ಉದ್ದನೆ ಟೇಬಲ್. ಅದರ ಹಿಂದ ಮೂರು ಮಂದಿ ಡಾಕ್ಟರು, ನಡಬರಕ ಅಧ್ಯಕ್ಷರು, ಅವರ ಕುರ್ಚಿ ಬೆನ್ನಿಗೆ ಬಿಳಿ ಟಾವೆಲ್. ಬಾಜೂಕ ನಂಗೊಂದು ಕುರ್ಚಿ ಹಾಕಿದ್ರು. ಸುಜಾತಾ ಟೇಬಲ್ಲಿನ ಮುಂದ ನಿಂತಿದ್ಳು. ಈಕಿ ಕುಂದರಬಹುದೋ ಕುಂದರಬಾರದೋ ಅಂತ ತೀರ್ಮಾನ ಮಾಡಾಕ ನಾವೆಲ್ಲಾ ಆರಾಮಾಗಿ ಕುಂತಿದ್ವಿ, ಆಕಿ ಒಬ್ಬಾಕಿ ನಿಂತಿದ್ಳು. ಬ್ಯಾರೇ ಕುರ್ಚಿ ಆ ಕೋಣಿಯೊಳಗ ಇರಲಿಲ್ಲ. ನಾ ಎದ್ದು ನನ್ನ ಕುರ್ಚಿ ಸರಿಸಿದೆ. ಆಕಿ ತಲಿ ಅಲ್ಲಾಡಿಸಿದ್ಳು. ಸಾಹೇಬರ ಮುಂದ ಕುಂದರೋ ಧೈರ್ಯ ಇರಲಿಲ್ಲ ಆಕಿಗೆ.

ರಿಪೋರ್ಟ್ ತಿರುವಿ ಹಾಕಿ ಅಧ್ಯಕ್ಷರು ಅಂದ್ರು, ‘ಎಲ್ಲಾ ನಾರ್ಮಲ್ ಅದ.’ ಆಮ್ಯಾಲ ಮಾಮೂಲಿ ಅನ್ನೋ ಹಂಗ ಕೇಳಿದ್ರು, ‘ಸಣ್ಣಾಕಿದ್ದಾಗ ಏನರ ತ್ರಾಸ ಆಗಿತ್ತೇನವ್ವಾ?’

ಆಕಿ ಹೇಳಿದ್ಳು. ದೊಡ್ಡವರು ಕೇಳ್ಯಾರ, ಖರೇ ಹೇಳಬೇಕು ಅಂತ ಹೇಳಿದ್ಳು. ಚಿಗವ್ವ, ಕಟಿಗಿ, ನಿಂತು ಉಂಡದ್ದು, ಎಲ್ಲಾ. ಅಧ್ಯಕ್ಷರ ಮಾರಿ ಮ್ಯಾಲ ಗಣಿತ ಬಿಡಿಸಿದ ಹುಡುಗನ ಕಳಿ ಬಂತು.

‘ನೋಡ್ರಿ ಮೇಡಮ್, ಸಿಕ್ತು. ಪೂರಾ ಮನಸಿಂದು. ಇಂಥವರನ್ನ ಸಣ್ಣ ಹುಡುಗರ ನಡುವ ಬಿಡೋದು ಸರಿ ಅಲ್ಲ ಅಂತ ಬರೀಬೇಕಾಗ್ತದ.’

ಅತ್ತ ದರಿ ಇತ್ತ ಪುಲಿ ಅನ್ನೋದು ಇದಕ್ಕೇ. ಈಗ ತಾನ ಏನೂ ಆಗಿಲ್ಲ ಅಂದಾಂವ ಅದೇ ಉಸಿರಿನ್ಯಾಗ ಈಕಿಗೆ ಹುಚ್ಚ ಅಂತಾನ. ಏನೂ ಆಗಿಲ್ಲಂದ್ರ ಹೋಗಿ ನಿಂದರು. ಏನರ ಆಗೇದಂದ್ರ ನೌಕರಿ ಬಿಡು. ನನ್ನ ತಲಿ ಕೆಟ್ಟು ಹೋತು. ಇಷ್ಟು ವರ್ಷ ನುಂಗಿದ್ದೆಲ್ಲಾ ಒಮ್ಮೆಲೆ ಬಾಯಿಗಿ ಬಂತು.

‘ಸರ, ಸಣ್ಣವರಿದ್ದಾಗ ಬಡಿಸಿಕೊಂಡವರೆಲ್ಲಾ ನೌಕರಿ ಬಿಡಬೇಕಂದ್ರ ಈ ಜಿಲ್ಲಾದಾಗ ನಾಳೆ ಎಷ್ಟು ಸಾಲಿ ತೆರೀತಾವ್ರಿ? ಎಷ್ಟು ದವಾಖಾನಿ ತೆರೀತಾವು? ಬಡದಾಕಿ ಟಿಕೋಟಾದಾಗ ಆರಾಮ ಮಂಚದ ಮ್ಯಾಲ ಕುಂತಾಳ, ಆಕಿನ್ನ ಯಾವ ಬೋರ್ಡಿಗೂ ಕರದಿಲ್ಲ. ಬಡಿಸಿಕೊಂಡಾಕಿನ್ನ ಕರದು ನಿಂದರಿಸಿ ವಿಚಾರಣಿ ಮಾಡಾಕತ್ತೀರಿ. ಮನೋವೈದ್ಯರೇ ಬರದಾರಲ್ಲ, ಖಿನ್ನತೆ ಇಳದದ, ಕಲಿಸೋಕ ಯೋಗ್ಯ ಇದ್ದಾಳ ಅಂತ. ಅದನ್ನ ಓದ್ರಿ. ಆಕಿ ಖರೇ ಹೇಳಿದ್ದಕ್ಕ ಶಿಕ್ಷಾ ಕೊಡಬ್ಯಾಡ್ರಿ.’

ಅಷ್ಟೊತ್ತಿಗೆ ಸುಜಾತಾನ ದನಿ ಬಂತು, ಸಣ್ಣ ದನಿ, ಆದ್ರ ನಡಗಲಿಲ್ಲ.

‘ಸರ, ನಂಗ ರಜಾ ಬ್ಯಾಡ್ರಿ. ವರ್ಗ ಬ್ಯಾಡ್ರಿ. ಒಂದು ಕುರ್ಚಿ ಕೊಡಸ್ರಿ. ಕುಂತು ಕಲಸ್ತೀನಿ.’

ಇಷ್ಟು ಹೇಳಿ ಆಕಿ ನಾ ಸರಿಸಿದ ಕುರ್ಚಿಗೆ ಬಂದು ಕುಂತ್ಳು. ಧೈರ್ಯಾ ಬಂದು ಕುಂತಳೋ, ಕಾಲು ಸೋತು ಕುಂತಳೋ, ನಂಗ ಇವತ್ತಿಗೂ ಗೊತ್ತಿಲ್ಲ. ಕುಂತ್ಳು.

ಉಳದ ಇಬ್ಬರು ಡಾಕ್ಟರು ಮನೋವೈದ್ಯರ ಕಾಗದ ಓದಿ, ನೌಕರಿಗೆ ಯೋಗ್ಯ ಅಂದ್ರು. ಹಿರಿಯ ಡಾಕ್ಟರು ಸಹಿ ಹಾಕಿದ್ರು. ನೌಕರಿ ಉಳೀತು. ಆದ್ರ ಕುಂತು ಕಲಿಸೋಕ ಅನುಮತಿ ಅಂತ ಒಂದು ಸಾಲು ಬರೀರಿ ಅಂದ್ರ ಆ ಪುಣ್ಯಾತ್ಮ ಬರೀಲಿಲ್ಲ. ‘ಕುರ್ಚಿ ಕೊಡಸೋದು ವೈದ್ಯಕೀಯ ವಿಷಯ ಅಲ್ಲ ಮೇಡಮ್’ ಅಂದ್ರು, ಟಾವೆಲ್ಲಿಗೆ ಬೆನ್ನು ಆನಿಸಿಕೊಂಡು. ಹಳದಿ ನೀರಿನ ಬಾಟಲಿ ವೈದ್ಯಕೀಯ, ಕುರ್ಚಿ ವೈದ್ಯಕೀಯ ಅಲ್ಲ!

ಕುರ್ಚಿ ಪ್ರಕಾಶ ತಂದ. ಸೊಲ್ಲಾಪುರ ರಸ್ತೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಬಸ್ಸಿನ ಟಪ್ಪಿನ ಮ್ಯಾಲ ಹಾಕ್ಕೊಂಡು ಬಂದು, ಸಾಲಿಯೊಳಗ ನಾಕನೇ ಇಯತ್ತೆ ಕೋಣಿಯೊಳಗ ಇಟ್ಟ. ‘ಇದು ಸರಕಾರದ್ದಲ್ಲ, ನಂದು. ಎತ್ತಂಗಿಲ್ಲ’ ಅಂತ ಹೆಡ್ ಮಾಸ್ತರಿಗೆ ಹೇಳಿ ಹೋದ. ಹೆಡ್ ಮಾಸ್ತರು ನೋಡಿದ್ರೂ ನೋಡಲಾರದಂಗ ಇದ್ರು. ಅಷ್ಟು ಮಾಡಿದ್ದಕ್ಕೇ ಅವರಿಗೆ ನಾ ಶರಣು ಅಂತೀನಿ.

ನಾ ನಿವೃತ್ತಿ ಆದ ಮ್ಯಾಲ ಒಮ್ಮೆ ಆ ಸಾಲಿಯವರು ಹುಡುಗರಿಗೆ ಆರೋಗ್ಯದ ನಾಕು ಮಾತು ಹೇಳಾಕ ಕರದ್ರು. ಹೋದೆ. ಸುಜಾತಾಗ ಆರಾಮ ಆಗಿತ್ತು ಅಂತ ತಿಳಕೋಬ್ಯಾಡ್ರಿ. ಇವತ್ತಿಗೂ ಶನಿವಾರ ಮಧ್ಯಾಹ್ನ ಹೋಗಿ ಮಲಗಿದಾಕಿ ಸೋಮವಾರ ಮುಂಜಾನೆಗೇ ಏಳೋದು. ಮದುವಿ ಇಲ್ಲ, ಮುಂಜಿವಿ ಇಲ್ಲ, ಸಂತಿ ಇಲ್ಲ. ಡ್ರಮ್ಮಿನ ನೀರೆಲ್ಲಾ ಸಾಲಿಗಿ. ನಾ ಹೋದಾಗ ಆಕಿ ಆ ಕುರ್ಚಿ ಮ್ಯಾಲ ಕುಂತು ಭಿನ್ನರಾಶಿ ಕಲಸಾಕತ್ತಿದ್ಳು, ರೊಟ್ಟಿ ನಾಕು ತುಂಡು ಮಾಡಿ. ಹಲಗಿ ಮ್ಯಾಲ ಬರೆಯೋದು ಹುಡುಗರೇ ಪಾಳಿ ಪ್ರಕಾರ ಬರೀತಿದ್ರು. ನಾನು ಹುಡುಗರ ಬೆಂಚಿನ ಮ್ಯಾಲ ಕುಂತು ನೋಡಾಕತ್ತೆ.

ಬಾಗಲಾಗ ಬೆಳಕು ಮರಿ ಆತು. ಅದೇ ತಪಾಸಣಾ ಅಧಿಕಾರಿ, ಹಿಂದ ಹೆಡ್ ಮಾಸ್ತರು. ಹುಡುಗರೆಲ್ಲಾ ದಡಬಡ ಎದ್ದು ನಿಂತ್ರು. ಸುಜಾತಾನ ಎರಡೂ ಕೈ ಕುರ್ಚಿ ಹಿಡಿಕಿ ಮ್ಯಾಲ ಹೋದ್ವು. ಮೈ ಅರ್ಧ ಎದ್ದಿತು. ಆ ಅರ್ಧ ಎದ್ದ ಮೈಯೊಳಗ ಟಿಕೋಟಾದ ಸಣ್ಣ ಹುಡುಗಿ ನನಗ ಕಾಣಿಸಿದ್ಳು. ಏಳಬ್ಯಾಡ ಬೇ, ಏಳಬ್ಯಾಡ ಅಂತ ನಾ ಒಳಗ ಒದರಾಕತ್ತಿದ್ದೆ.

ಆಕಿ ಮತ್ತ ಕುಂತ್ಳು. ಬೆನ್ನು ಆನಿಸಿ ಸರಿಯಾಗಿ ಕುಂತ್ಳು.

‘ನಮಸ್ಕಾರ್ರಿ ಸರ. ನಂಗ ನಿಂದರಾಕ ಆಗೂದಿಲ್ಲ’ ಅಂದ್ಳು. ಆಮ್ಯಾಲ ಹುಡುಗರ ಕಡೆ ತಿರಗಿ, ತಾನು ಸಣ್ಣಾಕಿದ್ದಾಗ ಯಾವ ಮಾತು ಕೇಳಾಕ ಓಡಿ ಬರ್ತಿದ್ಳೋ ಆ ಮಾತು ಹೇಳಿದ್ಳು. ‘ಕುಂದರ್ರಿ.’

ಹುಡುಗರೆಲ್ಲಾ ಕುಂತ್ರು. ಅಧಿಕಾರಿ ಸುತ್ತಲೂ ಕಣ್ಣಾಡಿಸಿದ. ಕೋಣಿಯೊಳಗ ಇದ್ದದ್ದು ಅದೊಂದೇ ಕುರ್ಚಿ. ಉಳದದ್ದನ್ನೆಲ್ಲಾ ತಾನೇ ಎತ್ತಿಸಿದ್ದ. ಪಾಠ ಮುಗಿಯೂ ತನಕ ಅಂವ ಬಾಗಲಾಗ ನಿಂತಿದ್ದ.